ಇಪ್ಪತ್ತೈದು ಗೆರೆಯ ಬೀಡಿ ಹಾಡು

ನಮ್ಮ ಬೀಡಿ ಹಾಡನ್ನು ಬೇರೆಯವರ ಬಾಯಲ್ಲಿ ನಾನು ಮೊದಲು ಕೇಳಿದ್ದು ಆಲಂಕಾರಿನ ಮೊಬೈಲ್ ಅಂಗಡಿಯ ಎದುರು. ಫೋನಿಗೆ ಕರೆನ್ಸಿ ಹಾಕಿಸಲು ಹೋಗಿದ್ದೆ. ಒಳಗಿನ ಸ್ಪೀಕರಿನಲ್ಲಿ ಚೆಂಡೆ, ಕೊಳಲು, ಅದರ ಮೇಲೆ ಒಬ್ಬಳು ಹುಡುಗಿ ಮೂಗಿನಲ್ಲಿ ಎಳೆಯುತ್ತಿದ್ದಳು. ರಾಗದ ಗುರುತು ಹತ್ತಿತು. ಮಾತು ಮಾತ್ರ ಬೇರೆ.

‘ಒಂದನೆಯ ತೆನೆಯು ಅತ್ತೆಮ್ಮನಿಗೆ, ಪಾದಕ್ಕೆ ಎರಗಲಿಕ್ಕೆ.’

ಅತ್ತೆಯ ಪಾದವಂತೆ! ನಮ್ಮ ಹಾಡಿನಲ್ಲಿ ಅದು ತೆನೆಯಲ್ಲ, ಬೀಡಿ. ಅದನ್ನು ಅತ್ತೆಗೆ ಕೊಡುವುದು ಅವಳ ಬಾಯಿ ಮುಚ್ಚಿಸಲಿಕ್ಕೆ.

“ಒಳ್ಳೆ ಹಾಡಲ್ವಾ ಅಜ್ಜೀ? ಹಳೇ ಕಾಲದ ನಾಟಿ ಹಾಡಂತೆ” ಎಂದ ಅಂಗಡಿಯವ.

“ಯಾರು ಹೇಳಿದ್ದು ನಿನಗೆ?”

“ಇದರಲ್ಲೇ ಬರ್ದಿದೆಯಲ್ಲ.”

“ಬರ್ದವನ ತಲೆ” ಎಂದು ಕರೆನ್ಸಿಯೂ ಹಾಕಿಸದೆ ಬಂದೆ.

ಆ ಹಾಡು ಹುಟ್ಟಿದ್ದು ಗದ್ದೆಯಲ್ಲಿ ಅಲ್ಲ. ಬೆಳ್ಳಾರೆಯ ಹತ್ತಿರ ನನ್ನ ತವರು, ಅದರ ಪಕ್ಕದ ಮನೆಯ ಜಗಲಿಯಲ್ಲಿ. ಅವರು ಬ್ಯಾರಿ ಮುಸ್ಲಿಮರು, ನಾವು ಗೌಡರು. ಆ ಮನೆಯಲ್ಲಿ ನನ್ನ ಪ್ರಾಯದವಳೇ ಒಬ್ಬಳಿದ್ದಳು. ನಮಗೆ ಆಗ ಹದಿನಾರೋ ಹದಿನೇಳೋ. ಅವರ ಜಗಲಿಗೆ ಮಧ್ಯಾಹ್ನದವರೆಗೆ ಬಿಸಿಲು ಬರುತ್ತಿರಲಿಲ್ಲ, ಹಾಗಾಗಿ ನಾನು ಗೆರಸೆ ಎತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ನೀರು ಚಿಮುಕಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ನಾನು ಎರಡು ಬೀಡಿ ಸುತ್ತುವಾಗ ಅವಳದು ಮೂರು ಆಗುತ್ತಿತ್ತು. ಬೆರಳು ಅಂಥದು, ನಾಲಿಗೆಯೂ ಅಂಥದೇ.

ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಸಂಜೆ ಕಟ್ಟುಗಳನ್ನು ಬ್ರಾಂಚಿಗೆ ಕೊಂಡುಹೋಗಬೇಕು. ಬ್ರಾಂಚ್ ಎಂದರೆ ಎಲೆ, ಪುಡಿ ಕೊಟ್ಟು ಬೀಡಿ ತೆಗೆದುಕೊಳ್ಳುವ ಕೋಣೆ. ಅಲ್ಲಿ ಕೂತಿದ್ದವನು ಒಬ್ಬ ಹೊಲಸು ಮನುಷ್ಯ. ಉಗುರು ಬೆಳೆಸಿದ್ದ. ಆ ಉಗುರಿನಲ್ಲಿ ಕಟ್ಟನ್ನು ಒಮ್ಮೆ ಗೀರಿ, ಬಿಚ್ಚದೆಯೇ, “ಒಂದು ಕಮ್ಮಿ ಉಂಟು” ಎನ್ನುತ್ತಿದ್ದ. ದಿನಾ ಯಾರದಾದರೂ ಒಬ್ಬರ ಕಟ್ಟಿನಲ್ಲಿ ಒಂದು ಕಮ್ಮಿ. ನಾವು ಮನೆಯಲ್ಲಿ ಎರಡೆರಡು ಸಲ ಎಣಿಸುತ್ತಿದ್ದೆವು, ಆದರೂ ಅವನ ಎದುರು ನಿಂತಾಗ ನಮಗೇ ಅನುಮಾನ ಬರುತ್ತಿತ್ತು. ಬೀಡಿ ಕಟ್ಟುವವರ ಎಣಿಕೆ ಹಾಗೆ. ಮಾತಾಡಿದರೆ ತಪ್ಪುತ್ತದೆ, ಮಾತಾಡದೆ ಕೂತರೆ ನಿದ್ದೆ ಬರುತ್ತದೆ.

ಅದಕ್ಕೆ ಅವಳು ಈ ಹಾಡು ಕಟ್ಟಿದಳು. ಒಂದು ಬೀಡಿಗೆ ಒಂದು ಗೆರೆ. ಬೀಡಿಯ ಬಾಯಿ ಮಡಚಿ ನೂಲು ಸುತ್ತಿದ ಕೂಡಲೇ ಆ ಗೆರೆ ಹೇಳಿ ಕೆಳಗಿಡುವುದು. ಹಾಡು ಮುಗಿದರೆ ಕಟ್ಟು ಮುಗಿಯಿತು. ನಾವು ಆಡುತ್ತಿದ್ದುದು ತುಳು, ಹಾಡೂ ತುಳುವಿನದೇ. ಕನ್ನಡದಲ್ಲಿ ಹೇಳಿದರೆ ಹೀಗೆ:

ಒಂದನೆಯದು ಅತ್ತೆಗೆ, ಬಾಯಿ ಮುಚ್ಚಲಿಕ್ಕೆ.
ಎರಡನೆಯದು ಮಾವನಿಗೆ, ಕೆಮ್ಮಿ ಸುಸ್ತಾಗಲಿಕ್ಕೆ.
ಮೂರನೆಯದು ನಾದಿನಿಗೆ, ಕದ್ದು ಸೇದಲಿಕ್ಕೆ.

ಹೀಗೆ ಇನ್ನೂ ಕಾಣದ ಗಂಡನ ಮನೆಯವರನ್ನೆಲ್ಲ ಒಬ್ಬೊಬ್ಬರನ್ನೇ ಬೀಡಿ ಕೊಟ್ಟು ಮುಗಿಸುವುದು. ಹದಿನಾರು ಆಗುವಾಗ ಅವಳಿಗೆ ಜನ ಸಾಲಲಿಲ್ಲ. “ಮದುವೆ ಬ್ರೋಕರನನ್ನು ಹಾಕು ಮಾರಾಯ್ತಿ” ಎಂದೆ. ಹದಿನೇಳನೆಯದು ಹಾಗೆ ಬಂತು. ಅದೊಂದೇ ಗೆರೆ ನನ್ನದು. ಅವಳು ನಕ್ಕು ನಕ್ಕು ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗಿ ಅರ್ಧ ಗಂಟೆ ಸೀನಿದಳು. ಕೊನೆಯ ಗೆರೆ ಮಾತ್ರ ಅವಳು ಯಾರನ್ನೂ ಕೇಳದೆ ಮಾಡಿದ್ದು:

ಇಪ್ಪತ್ತೈದನೆಯದು ಯಾರಿಗೂ ಇಲ್ಲ, ನನ್ನ ಕಿವಿಯ ಮೇಲೆ ಇರಲಿ.

ಒಂದು ಸಂಜೆ ಬ್ರಾಂಚಿನವನು ಅವಳ ಕಟ್ಟಿಗೆ ಉಗುರು ಹಾಕಿ “ಒಂದು ಕಮ್ಮಿ ಉಂಟು” ಎಂದ. ಅವಳು ಕಟ್ಟನ್ನು ಅವನ ಮೇಜಿನ ಮೇಲೆ ಬಿಚ್ಚಿದಳು. ಒಂದೊಂದೇ ಬೀಡಿ ಇಡುತ್ತಾ, ಒಂದೊಂದೇ ಗೆರೆ ಹಾಡಿದಳು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಮೊದಲು ನಕ್ಕರು, ಆಮೇಲೆ ಸೊಲ್ಲು ಕೊಟ್ಟರು. ಇಪ್ಪತ್ತೈದನೆಯದನ್ನು ಅವಳು ನಿಜವಾಗಿಯೂ ಕಿವಿಯ ಮೇಲೆ ಇಟ್ಟುಕೊಂಡು, “ಇದು ಕಮ್ಮಿಯದ್ದಾ?” ಎಂದು ಕೇಳಿದಳು. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಆ ದಿನದ ನಂತರ ನಮ್ಮಿಬ್ಬರ ಕಟ್ಟಿನಲ್ಲಿ ಒಂದೂ ಕಮ್ಮಿಯಾಗಲಿಲ್ಲ. ನನ್ನ ಪ್ರಾಯಕಾಲದಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ. ಮದುವೆಯ ದಿನ ಕೂಡ ಇಲ್ಲ.

ಅಂಥ ಹಾಡು ತೆನೆಯಾದದ್ದಕ್ಕೆ ಮೊದಲ ಕಾರಣ ನಾನೇ. ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಗುನುಗುತ್ತಿದ್ದೆ. ಮೊಮ್ಮಗಳು ಫೋನಿನಲ್ಲಿ ಹಿಡಿದು ಅವಳ ಮಾಷ್ಟ್ರಿಗೆ ಕೇಳಿಸಿದಳು. ಶಾಲೆಯ ಮಕ್ಕಳ ಡ್ಯಾನ್ಸಿಗೆ ಹಾಡು ಬೇಕೆಂದು ಮಾಷ್ಟ್ರು ಪುಸ್ತಕ ಹಿಡಿದುಕೊಂಡು ಮನೆಗೇ ಬಂದರು. ನಾನು ಇಪ್ಪತ್ತೈದನ್ನೂ ಹೇಳಿದೆ. ಕಟ್ಟಿದವಳು ಇಂಥವಳು, ಈಗ ಅಜ್ಜಾವರದಲ್ಲಿ ಮಗಳ ಮನೆಯಲ್ಲಿ ಇದ್ದಾಳೆ ಎಂದೂ ಹೇಳಿದೆ. ಅವರು ತಲೆ ಆಡಿಸಿದರು. ಆಡಿಸುವ ತಲೆಯನ್ನು ನಂಬಬಾರದು.

“ಮಕ್ಕಳ ಬಾಯಲ್ಲಿ ಬೀಡಿ ಅಂತ ಬರಬಾರದು ಅಜ್ಜೀ. ತೆನೆ ಅಂತ ಮಾಡುವ” ಎಂದರು.

“ತೆನೆಯನ್ನು ಕಿವಿಯ ಮೇಲೆ ಯಾರು ಇಡ್ತಾರೆ ಮಾಷ್ಟ್ರೇ?”

“ಅದನ್ನು ತೆಗಿಯುವ. ಹನ್ನೆರಡು ಗೆರೆ ಸಾಕು. ಡ್ಯಾನ್ಸಿಗೆ ಟೈಮ್ ಇರುದಿಲ್ಲ.”

“ಅವಳ ಹೆಸರು?”

“ಜನಪದಕ್ಕೆ ಹೆಸರು ಇರುದಿಲ್ಲ ಅಜ್ಜೀ. ಅದು ಎಲ್ಲರದ್ದೂ.”

ಎಲ್ಲರದ್ದಂತೆ. ಎಲೆ ಕತ್ತರಿಸಿ ಕತ್ತರಿಸಿ ಬೆರಳಿಗೆ ದಡ್ಡು ಬಂದದ್ದು ಅವಳಿಗೆ, ಹಾಡು ಎಲ್ಲರದ್ದು.

ಮಾಷ್ಟ್ರು ಅದನ್ನು ಹಾಡಿಸಿ ಫೋನಿಗೆ ಬಿಟ್ಟದ್ದು ನನಗೆ ಅಂಗಡಿಯಲ್ಲೇ ಗೊತ್ತಾದದ್ದು. ಮಾರನೆಯ ದಿನ ಬಸ್ಸು ಹತ್ತಿ ಅಜ್ಜಾವರಕ್ಕೆ ಹೋದೆ. ಅವಳ ಮೊಮ್ಮಗ ಫೋನಿನಲ್ಲಿ ಹಾಡು ಹುಡುಕಿ ಹಾಕಿದ. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಬೆರಳು ಸೀರೆಯ ಮೇಲೆ ಸುತ್ತುತ್ತಾ ಇತ್ತು, ಹನ್ನೆರಡಕ್ಕೆ ನಿಂತಿತು.

“ಹನ್ನೆರಡು ಬೀಡಿಗೆ ಕಟ್ಟು ಆಗ್ತದಾ ಮಾರಾಯ್ತಿ?”

“ಇಲ್ಲ.”

“ಯಾರದ್ದು ಅಂತ ಬರ್ದಿದ್ದಾರೆ?”

“ಯಾರದ್ದೂ ಅಲ್ಲ ಅಂತ.”

“ನಾನು ಸತ್ತ ಮೇಲೆ ಹಾಗೆ ಬರೀಲಿ. ಈಗ ಇದ್ದೇನಲ್ಲ” ಎಂದಳು.

ಅವಳು ಮಾಡಿದ ಬೀಡಿಗಳೆಲ್ಲ ಯಾರ್ಯಾರದೋ ಬಾಯಲ್ಲಿ ಹೊಗೆಯಾಗಿ ಹೋದವು. ಕೈಯಿಂದ ಮಾಡಿದ್ದರಲ್ಲಿ ಉಳಿದದ್ದು ಈ ಹಾಡು ಒಂದೇ. ಅದು ಅವಳದೆಂದು ನಾಲ್ಕು ಜನರ ಎದುರು ಅವಳ ಜೀವ ಇರುವಾಗಲೇ ಹೇಳಬೇಕು ಎಂದು ನನಗೆ ಹಟ ಬಂತು.

ಆ ಅವಕಾಶ ಮಾಷ್ಟ್ರೇ ಕೊಟ್ಟರು. ಪುತ್ತೂರಿನ ಒಂದು ಸಭಾಭವನದಲ್ಲಿ ನನಗೆ ಸನ್ಮಾನವಂತೆ. ಮೊದಲು ಬೈದೆ, ಆಮೇಲೆ ಒಪ್ಪಿದೆ. ಅವಳನ್ನೂ ಕರೆಸಿ ಮೂರನೆಯ ಸಾಲಿನಲ್ಲಿ ಕೂರಿಸಿದೆ.

ಎಂಥ ಅಸಹ್ಯ ಅದು! ಮೈಕಿನವಳು ನನ್ನನ್ನು “ನಾಟಿ ಹಾಡುಗಳ ಕಣಜ” ಎಂದು ಕರೆದಳು. ನಾನು ಒಂದು ದಿನವೂ ನಾಟಿಗೆ ಇಳಿದವಳಲ್ಲ, ನನಗೆ ಜಿಗಣೆ ಎಂದರೆ ಆಗುವುದಿಲ್ಲ. ಹನ್ನೆರಡು ಮಕ್ಕಳು ತುಟಿಗೆ ಕೆಂಪು ಬಳಿದುಕೊಂಡು, ಪ್ಲಾಸ್ಟಿಕ್ ತೆನೆ ಹಿಡಿದುಕೊಂಡು ಕುಣಿದರು. ‘ಪಾದಕ್ಕೆ ಎರಗಲಿಕ್ಕೆ’ ಎನ್ನುವಾಗ ಹನ್ನೆರಡೂ ಬಗ್ಗಿದವು. ಆಮೇಲೆ ನನಗೆ ಶಾಲು ಹೊದಿಸಿದರು. ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು. ಫೋಟೋದವನು “ಅಜ್ಜೀ, ನಗಿ” ಎಂದ. “ಹಲ್ಲಿಲ್ಲ” ಎಂದೆ.

“ಎರಡೇ ಮಾತು” ಎಂದು ಮಾಷ್ಟ್ರು ಮೈಕು ಕೊಟ್ಟರು.

“ಇದು ನಾಟಿ ಹಾಡಲ್ಲ, ಬೀಡಿ ಹಾಡು” ಎಂದೆ. “ಇದನ್ನು ಕಟ್ಟಿದವಳು ಅಗೋ, ಅಲ್ಲಿ ಕೂತಿದ್ದಾಳೆ. ಸಾಯ್ಲಿಲ್ಲ. ಕಟ್ಟಿಗೆ ಇಪ್ಪತ್ತೈದು. ಇವರು ಹನ್ನೆರಡು ಹಾಡಿ ಹದಿಮೂರು ನುಂಗಿದ್ದಾರೆ. ನಾನು ಪೂರ್ತಿ ಹೇಳ್ತೇನೆ.”

ಮಾಷ್ಟ್ರ ಮುಖ ನೋಡಿದೆ. ಹರಳೆಣ್ಣೆ. ಮೈಕಿಗೆ ಕೈ ಚಾಚಿದರು, ನಾನು ಬಿಡಲಿಲ್ಲ. ನನ್ನ ಸ್ವರ ಒಡಕು ಮಡಕೆ, ಆದರೂ ಹಾಡಿದೆ. ಅತ್ತೆಯ ಬಾಯಿ ಮುಚ್ಚುವಾಗ ಹಿಂದಿನ ಸಾಲಿನಲ್ಲಿ ಕೆಲವು ಮುದುಕಿಯರು ನಕ್ಕರು. ಅವರೂ ಬೀಡಿ ಕಟ್ಟಿದವರೇ, ನಗುವಿನಲ್ಲೇ ಗೊತ್ತಾಗುತ್ತದೆ. ಕೊನೆಯ ಗೆರೆ ಹೇಳಿ, ಕಿವಿಯ ಮೇಲೆ ಇಡುವ ಹಾಗೆ ಕೈ ಮಾಡಿ ಇಳಿದೆ. ಗೆದ್ದೆ ಎಂದುಕೊಂಡೆ.

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಅವಳು ಸನ್ಮಾನದ ಬುಟ್ಟಿಯ ಕಿತ್ತಳೆ ಸುಲಿಯುತ್ತಿದ್ದಳು. ಹೊಗಳುತ್ತಾಳೆ ಎಂದು ಕಾದೆ.

“ಒಂದು ಕಮ್ಮಿ ಉಂಟು” ಎಂದಳು.

“ಎಂತದು?”

“ಇಪ್ಪತ್ತನಾಲ್ಕೇ ಆದದ್ದು. ಹದಿನಾರರಿಂದ ಹದಿನೆಂಟಕ್ಕೆ ಹಾರಿದೆ ನೀನು.”

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅಷ್ಟು ಜನರ ಎದುರು ದೊಡ್ಡ ಬಾಯಿ ಮಾಡಿ, ಕಟ್ಟನ್ನು ಒಂದು ಕಮ್ಮಿ ಮಾಡಿ ಕೊಟ್ಟಿದ್ದೆ.

“ಬಿಟ್ಟದ್ದು ನಿನ್ನದೇ ಗೆರೆಯಲ್ವಾ? ನನ್ನದು ಒಂದೂ ಬಿಡ್ಲಿಲ್ಲ” ಎಂದು ಅವಳು ಕಿತ್ತಳೆಯ ದೊಡ್ಡ ತುಂಡನ್ನು ನನ್ನ ಕೈಗೆ ಹಾಕಿದಳು. ಅದು ಹುಳಿ. ಸನ್ಮಾನದ ಹಣ್ಣೂ ಹುಳಿಯದ್ದೇ ಕೊಟ್ಟಿದ್ದರು.

ವಾರದ ನಂತರ ಮೊಮ್ಮಗಳು ಸಭೆಯ ವಿಡಿಯೋ ತೋರಿಸಿದಳು. ಶಾಲು ಹೊದಿಸುವುದು ಉಂಟು, ಮಕ್ಕಳ ಕುಣಿತ ಉಂಟು. ನಾನು ಬಾಯಿ ತೆರೆದದ್ದು ಇಲ್ಲ. ಕತ್ತರಿಸಿದ್ದಾರೆ. ಥೂ, ಬ್ರಾಂಚಿನವನೇ ವಾಸಿ. ಅವನು ಕಟ್ಟಿಗೆ ಒಂದು ಕದಿಯುತ್ತಿದ್ದ, ಇವರು ಸುತ್ತಿದವಳನ್ನೇ ಕದ್ದರು.

ಅದಕ್ಕೆ ಈಗ ಬರೆಯುತ್ತಿದ್ದೇನೆ. ಮೂರನೆಯ ಕ್ಲಾಸಿನ ಅಕ್ಷರ, ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಹಾಡು ಕಟ್ಟಿದವಳ ಹೆಸರು ಹಾಕುತ್ತೇನೆ ಎಂದರೆ ಅವಳೇ ಬೇಡ ಎಂದಳು. ಸಭೆಯಲ್ಲಿ ಜನ ನೋಡಿದ್ದು ಸಾಕಂತೆ. ಬರಹದಲ್ಲಿ ಬಂದರೆ ಗಂಡನ ಕಡೆಯವರು ಯಾರು ಯಾವ ಬೀಡಿ ಎಂದು ಹುಡುಕುತ್ತಾ ಕೂರುತ್ತಾರಂತೆ. ಅದೂ ಸರಿ. ಆದರೆ ಅಜ್ಜಾವರದಲ್ಲಿ ಅವಳು ಇದ್ದಾಳೆ, ಇಪ್ಪತ್ತನಾಲ್ಕು ಗೆರೆ ಅವಳದು. ಸಭೆಯಲ್ಲಿ ನಾನು ಬಿಟ್ಟದ್ದನ್ನು ಇಲ್ಲಿ ಹಾಕಿ ಕಟ್ಟು ಪೂರ್ತಿ ಮಾಡುತ್ತೇನೆ:

ಹದಿನೇಳನೆಯದು ಬ್ರೋಕರನಿಗೆ, ಸುಳ್ಳು ಹೇಳಿ ಒಣಗಿದ ನಾಲಿಗೆಗೆ.