ತೋರುಬೆರಳು ಎತ್ತಿ ಹಿಡಿಯುವ ಎ ಕಾರ್ಡ್

ಹುನಗುಂದದಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ವಾರದಲ್ಲಿ ಆರು ದಿನ ಅಂಗಿ, ಪ್ಯಾಂಟು, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ರವಿವಾರ ಹೊಲಿಗೆ ಮಶೀನುಗಳ ಮೇಲೆ ಬಟ್ಟೆ ಹೊದಿಸಿ, ಅದೇ ಅಂಗಡಿಯಲ್ಲಿ ಏಳೆಂಟು ಜನರಿಗೆ ಗಿಟಾರ್ ಕಲಿಸುತ್ತೇನೆ. ಟೇಲರನಿಗೆ ಗಿಟಾರ್ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅಲ್ಲೂ ಎಳೆ, ಇಲ್ಲೂ ಎಳೆ, ನಡುವೆ ನಿಮಗೇನು ತ್ರಾಸು ಎಂದು ಅವರ ಬಾಯಿ ಮುಚ್ಚಿಸುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಗಳ ಎದುರು ನುಂಗಿಕೊಂಡದ್ದನ್ನೆಲ್ಲ ರವಿವಾರ ಕಲಿಯಲು ಬಂದವರ ಮೇಲೆ ತೀರಿಸಿಕೊಳ್ಳುತ್ತೇನೆ ಎಂಬುದು ನನ್ನ ಹೆಂಡತಿಯ ದೂರು. ಅದರಲ್ಲಿ ಅರ್ಧ ನಿಜ.

ಹೋದ ವರ್ಷ ಇಳಕಲ್ಲಿನಿಂದ ಒಬ್ಬ ಹೆಣ್ಣುಮಗಳು ಕಲಿಯಲು ಬಂದರು. ದವಾಖಾನೆಯಲ್ಲಿ ನರ್ಸ್; ಊರಿನವರೆಲ್ಲ ನರ್ಸಕ್ಕ ಎನ್ನುತ್ತಿದ್ದರು. ವಯಸ್ಸು ಅರವತ್ತಕ್ಕೆ ಬಂದಿತ್ತು. ಹೆಗಲಿಗೆ ಹೊಸ ಗಿಟಾರು, ಕೈಯಲ್ಲಿ ಟಿಫಿನ್ ಡಬ್ಬಿ.

“ಮಾಸ್ತರ, ಐದ ತಿಂಗಳಿಗೆ ನನ್ನ ರಿಟೈರ್‌ಮೆಂಟ್ ಐತ್ರಿ. ಟ್ರೇನಿಂಗಿನಾಗ ಇದ್ದಾಗ ನಮ್ಮ ರೂಮಿನಾಕಿ ಒಂದ ಹಾಡ ಬಾರಿಸ್ತಿದ್ಲು. ಅದೊಂದ ಹಾಡ ನಾ ಬಾರಿಸಬೇಕ್ರಿ. ಎಲ್ಲಾರ ಮುಂದ, ಬೀಳ್ಕೊಡು ದಿನ. ಮತ್ತೇನೂ ಬ್ಯಾಡ.”

ಹಾಡು ಕೇಳಿದೆ. ಎ, ಡಿ, ಇ ಎಂಬ ಮೂರೇ ಕಾರ್ಡುಗಳಲ್ಲಿ, ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಮೂರೇ ಸ್ವರಕೂಟಗಳಲ್ಲಿ, ಮುಗಿಯುವಂಥದ್ದು. ಐದು ತಿಂಗಳು ಧಾರಾಳವಾಯಿತು ಎಂದು ಒಪ್ಪಿಕೊಂಡೆ.

ತೊಡಕಾದದ್ದು ಎ ಕಾರ್ಡಿನಲ್ಲಿ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡ ಪಟ್ಟಿಗಳಿರುತ್ತವೆ. ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತೇವೆ. ಎ ಕಾರ್ಡಿಗೆ ಎರಡನೆಯ ಮನೆಯಲ್ಲಿ, ಕೆಳಗಿನ ಒಂದು ತಂತಿ ಬಿಟ್ಟು ಅದರ ಮೇಲಿನ ಮೂರು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಮೊದಲ ವಾರವೇ ಕಲಿಸುವ ಕಾರ್ಡು ಇದು. ಆದರೆ ಮೂರು ಬೆರಳಿಗೂ ಒಂದೇ ಮನೆ. ಬಸ್ಸಿನಲ್ಲಿ ಇಬ್ಬರ ಸೀಟಿನ ಮೇಲೆ ಮೂವರು ಕೂತಂತೆ ಬೆರಳುಗಳು ಒತ್ತೊತ್ತಾಗಿ ಕೂರಬೇಕು.

ನಾನು ಕಲಿಸುತ್ತಿದ್ದ ರೀತಿ ಒಂದೇ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ತಂತಿಯ ಮೇಲೆ. ತೋರುಬೆರಳು ಮಾತ್ರ ನೆಟ್ಟಗೆ ಮೇಲಕ್ಕೆ ಎತ್ತಿರಬೇಕು, ತಂತಿಗೆ ತಾಗಕೂಡದು. ಇದು ನಾನು ಕಟ್ಟಿದ ಶಾಸ್ತ್ರವಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಾದಾಮಿಯಲ್ಲಿ ಕಟಿಂಗ್ ಕಲಿಯುತ್ತಿದ್ದಾಗ, ರೈಲ್ವೆ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿದ್ದ ಒಬ್ಬರ ಹತ್ತಿರ ಗಿಟಾರ್ ಕಲಿತೆ. ಅವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನೆರೆಯವರಿಂದ ಕಲಿತವರು. ನಾವು ಆರು ಜನ ಶಿಷ್ಯರು, ಅವರನ್ನು ಸರ್ ಎನ್ನುತ್ತಿದ್ದೆವು. ಸರ್ ಬಾಯಿಬಿಟ್ಟು ಏನನ್ನೂ ವಿವರಿಸುತ್ತಿರಲಿಲ್ಲ. ಬಾರಿಸಿ ತೋರಿಸುತ್ತಿದ್ದರು, ನಾವು ಕಣ್ಣು ಕೀಲಿಸಿ ನೋಡಿ ಹಾಗೆಯೇ ಮಾಡುತ್ತಿದ್ದೆವು. ಅವರ ತೋರುಬೆರಳು ಎತ್ತಿರುತ್ತಿತ್ತು, ನಮ್ಮದೂ ಎದ್ದಿತು. ಎಫ್ ಎಂಬ ಕಾರ್ಡನ್ನು ಅವರು ಬಾರಿಸುತ್ತಲೇ ಇರಲಿಲ್ಲ. ಹೀಗಾಗಿ ಎಫ್ ಎಂದರೆ ಮರ್ಯಾದಸ್ಥರು ಮುಟ್ಟದ ಕಾರ್ಡು ಎಂದು ನಮ್ಮನಮ್ಮಲ್ಲೇ ತೀರ್ಮಾನಿಸಿದ್ದೆವು. ಮುಂದೆ ಮೊಬೈಲ್ ಬಂದ ಮೇಲೆ ಜಗತ್ತಿನವರೆಲ್ಲ ಎ ಕಾರ್ಡನ್ನು ಬೇರೆ ಬೇರೆ ಥರ ಹಿಡಿಯುವುದು ಕಣ್ಣಿಗೆ ಬಿತ್ತು. ಪಾಪ, ಅವರಿಗೆ ಸರಿಯಾದ ಗುರು ಸಿಕ್ಕಿಲ್ಲ ಎಂದು ಮರುಗಿದೆ.

ನರ್ಸಕ್ಕನ ಕಿರುಬೆರಳು ತೀರ ಗಿಡ್ಡ. ಉಂಗುರದ ಬೆರಳಿನ ನಡುಗೆಣ್ಣಿನ ತನಕವೂ ಬರುತ್ತಿರಲಿಲ್ಲ. ಅದು ಮೂರನೆಯ ತಂತಿಗೆ ಮುಟ್ಟಬೇಕಾದರೆ ಇಡೀ ಮಣಿಕಟ್ಟು ತಿರುಚಬೇಕು. ತಿರುಚಿದರೂ ತಂತಿ ಟಪ್ ಎಂದು ಸತ್ತ ಸದ್ದು ಮಾಡುತ್ತಿತ್ತು. ಎರಡು ತಿಂಗಳು ಹೀಗೇ ಹೆಣಗಿ, ಒಂದು ರವಿವಾರ ಬಂದವರೇ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಈ ಮೂರನ್ನು ಸಾಲಾಗಿ ಇಟ್ಟರು. ರೋಗಿಯ ನಾಡಿ ಹಿಡಿಯುವುದು ಹೀಗೆಯೇ ಅಂತೆ. ಮೂವತ್ತು ವರ್ಷಕ್ಕೂ ಹೆಚ್ಚು ಹೀಗೆ ಹಿಡಿದ ಬೆರಳುಗಳು ತಾವಾಗಿ ಕೂತವು. ಮೂರು ತಂತಿಯೂ ಗಂಟೆ ಹೊಡೆದಂತೆ ನುಡಿದವು.

“ಇದು ನಡೆಯೂದಿಲ್ರಿ” ಎಂದೆ.

ಮುಂದಿನ ವಾರ ತೋರುಬೆರಳನ್ನು ನಡುವೆ ಸೇರಿಸಿ, ನಡುಬೆರಳನ್ನು ಅದರ ಮೇಲಿನ ತಂತಿಗೆ ಒಯ್ದರು. ಹೀಗೆ ಹಿಡಿದರೆ ಡಿ ಕಾರ್ಡಿಗೆ ಹೋಗುವಾಗ ತೋರುಬೆರಳು ಇದ್ದಲ್ಲೇ ಇರುತ್ತದೆ, ಉಳಿದೆರಡು ಸರಿದರೆ ಸಾಕು. ಜಾಣತನದ ಹಿಡಿತವೇ. ಅದಕ್ಕೂ ಒಲ್ಲೆ ಎಂದೆ. ಆಮೇಲೊಂದು ವಾರ ತೋರುಬೆರಳೊಂದನ್ನೇ ಮೂರು ತಂತಿಯ ಮೇಲೆ ಅಡ್ಡ ಮಲಗಿಸಿ ತೋರಿಸಿದರು. ನನಗೆ ಪಿತ್ತ ನೆತ್ತಿಗೇರಿತು.

“ಅಕ್ಕಾರ, ವಾರಕ್ಕೊಂದ ವೇಷ ಹಾಕ್ಕೊಂಡ ಬರಬ್ಯಾಡ್ರಿ. ನಮ್ಮ ಸರ್ ಕಲಿಸಿದ್ದು ಒಂದ ರೀತಿ. ಈ ಅಂಗಡ್ಯಾಗ ಅದ ನಡೀತೈತಿ.”

ನರ್ಸಕ್ಕ ಗಿಟಾರನ್ನು ಮೆಲ್ಲಗೆ ತೊಡೆಯಿಂದ ಇಳಿಸಿದರು. “ಮಾಸ್ತರ, ನೀವು ಹುನಗುಂದದ ಮಂದಿಗೆಲ್ಲಾ ಒಂದ ಅಳತಿ ಅಂಗಿ ಹೊಲೀತೀರೇನ್ರಿ? ಐದೂ ಬೆರಳು ಸಮ ಇರ್ತಾವೇನು? ನನಗ ಉಳದಿದ್ದು ಎರಡ ತಿಂಗಳು. ನಿಮ್ಮ ರೀತಿ ಹಿಡದ್ರ ನನ್ನ ಹಾಡ ಆಗೂದಿಲ್ಲ. ನಾ ಬರೂದು ಬಿಡ್ತೇನಿ.”

ಹಿಂದೆ ಕೂತ ಹುಡುಗರು ಕಿಸಕ್ಕೆಂದರು. ಆದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. “ಬರೂ ರವಿವಾರ ಬಾದಾಮಿಗೆ ಹೋಗೂಣು ನಡ್ರಿ. ಸರ್ ಬಾಯಿಲೇ ಕೇಳ್ರಿ. ಅವ್ರು ನಡೀತೈತಿ ಅಂದ್ರ ನಾ ಕಿವಿ ಹಿಡ್ಕೋತೇನಿ” ಎಂದೆ. ಒಳಗೊಳಗೇ ಹೆದರಿಕೆಯೂ ಇತ್ತು. ಸರ್ ಆಕೆಯ ಕಡೆ ಮಾತಾಡಿದರೆ, ಇಷ್ಟು ವರ್ಷ ನಾನು ಕಲಿಸಿದ್ದಕ್ಕೆ ಏನು ಬೆಲೆ?

ರವಿವಾರ ಬಸ್ಸು ಹತ್ತಿದೆವು. ಅಮೀನಗಡದಲ್ಲಿ ಇಳಿದು ಸರ್‌ಗೆ ಒಂದು ಡಬ್ಬಿ ಕರದಂಟು ತೆಗೆದುಕೊಂಡೆ, ಬರಿಗೈಲಿ ಹೋಗಬಾರದಲ್ಲ. ಪಟ್ಟದಕಲ್ಲಿನ ಮೇಲಿಂದ ಹೋಗುವ ಬಸ್ಸು ಸಿಕ್ಕಿತು. ನರ್ಸಕ್ಕ ದಾರಿಯುದ್ದಕ್ಕೂ ಕಿಟಕಿಯ ಕಂಬಿಯನ್ನೇ ಗಿಟಾರಿನ ಕುತ್ತಿಗೆ ಮಾಡಿಕೊಂಡು ಮೂರು ಬೆರಳು ಒತ್ತುತ್ತಿದ್ದರು. ನಾನು ಬೇರೆ ಕಡೆ ನೋಡಿದೆ.

ಸರ್ ರಿಟೈರ್ ಆಗಿ ಬಹಳ ವರ್ಷವಾಗಿತ್ತು. ಮನೆಗೆ ಹೋದ ಕೂಡಲೇ ಅವರ ಹೆಂಡತಿ, ನಮ್ಮ ಪಾಲಿನ ಅಮ್ಮನವರು, ಚಹಾ ಕೊಟ್ಟರು. ನಾನು ಪಂಚರ ಮುಂದೆ ನಿಂತವನ ಹಾಗೆ ದೂರು ಹೇಳಿದೆ: ಇವರಿಗೆ ನಮ್ಮ ರೀತಿ ಬೇಡವಂತೆ, ತೋರುಬೆರಳು ಹಚ್ಚುತ್ತಾರಂತೆ, ನೀವೇ ಹೇಳಿ. ಸರ್ ನಗುತ್ತ ಗೋಡೆಗೆ ತೂಗು ಹಾಕಿದ್ದ ಹಳೆಯ ಗಿಟಾರನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎ ಹಿಡಿದರು. ತೋರುಬೆರಳು ಎಂದಿನಂತೆ ಮೇಲೆ. ನಾನು ಗೆದ್ದವನಂತೆ ನರ್ಸಕ್ಕನ ಕಡೆ ತಿರುಗಿದೆ.

ನರ್ಸಕ್ಕ ನನ್ನನ್ನು ನೋಡುತ್ತಿರಲಿಲ್ಲ. ಎದ್ದುಹೋಗಿ ಸರ್ ಅವರ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ತೋರುಬೆರಳಿನ ಗೆಣ್ಣನ್ನು ಹೆಬ್ಬೆರಳಿನಿಂದ ಮೆತ್ತಗೆ ಅದುಮಿದರು.

“ಕಾಕಾರ, ಈ ಬೆರಳು ಯಾವಾಗ ಮುರದಿತ್ರಿ?”

“ಯವ್ವಾ, ಅದು ನಿನ್ನಂಗ ಹರೇದಾಗಿದ್ದಾಗ” ಎಂದು ಸರ್ ಅರವತ್ತರ ಆಕೆಗೆ ಚೇಷ್ಟೆ ಮಾಡಿದರು. “ವ್ಯಾಗನ್ ಬಾಗಲದಾಗ ಸಿಕ್ಕೊಂತು. ಎಲುಬು ಕೂಡಿತು, ಖರೆ ಮಡಚಾಕ ಬರೂದಿಲ್ಲ. ಮೂರು ಬೆರಳಾಗ ಹೆಂಗೋ ಹೊಂದಿಸ್ಕೊಂಡೆ. ಆ ಎಫ್ ಒಂದು ಆಗಲಿಲ್ಲ ನೋಡು. ಅದಕ ಈ ಬೆರಳ ಮಲಗಬೇಕು, ಇದು ಮಲಗೂದಿಲ್ಲ.”

ಎರಡು ವರ್ಷ ವಾರಕ್ಕೆ ಮೂರು ಸಲ ಆ ಕೈಯ ಎದುರು ಕೂತಿದ್ದೆ. ಗುರುವಿನ ಬೆರಳು ಎಂದು ಕಣ್ಣಿಗೊತ್ತಿಕೊಂಡು ನೋಡಿದ್ದೆನೇ ಹೊರತು, ಅದೊಂದು ಮುರಿದು ಕೂಡಿದ ಬೆರಳು ಎಂದು ಒಂದು ದಿನವೂ ನೋಡಿರಲಿಲ್ಲ. ಬಂದ ಐದು ನಿಮಿಷಕ್ಕೆ ನರ್ಸಕ್ಕ ನೋಡಿದ್ದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ಇದು ಇಷ್ಟಕ್ಕೇ ಮುಗಿದಿದ್ದರೆ ನಾನು ಸರ್ ಎದುರಿಗೇ ಕಿವಿ ಹಿಡಿದುಕೊಂಡು, ನಾವೆಲ್ಲ ಎಂಥ ದಡ್ಡರಿದ್ದೆವು ನೋಡ್ರಿ ಎಂದು ನಕ್ಕುಬಿಡುತ್ತಿದ್ದೆ. ಬಾಯಿಯನ್ನೂ ತೆರೆದಿದ್ದೆ.

ಅಷ್ಟರಲ್ಲಿ ಸರ್ ನರ್ಸಕ್ಕನಿಗೆ ಹೇಳಿದರು: “ಈ ಹುಡುಗರ ಗುಣ ನಿನಗ ಗೊತ್ತಿಲ್ಲ ಯವ್ವಾ. ಆರೂ ಮಂದಿ ಬೆರಳ ಎತ್ತೇ ಬಾರಿಸ್ತಿದ್ರು. ಐದೂ ಬೆರಳು ನೆಟ್ಟಗಿದ್ದ ಹುಡುಗರು! ನನಗ ಕೊರತಿ ಅನಸಬಾರದು ಅಂತ. ಒಮ್ಮೆನೂ ಬಾಯಿಬಿಟ್ಟ ಹೇಳಲಿಲ್ಲ, ಒಮ್ಮೆನೂ ಆ ಬೆರಳ ಹಚ್ಚಲಿಲ್ಲ. ನಾ ಮನಿಗೆ ಬಂದು ಇಕಿಗೆ ಹೇಳ್ತಿದ್ದೆ, ಹೊಟ್ಯಾಗ ಹುಟ್ಟಿದ ಮಕ್ಕಳೂ ಇಷ್ಟ ಮಾಡೂದಿಲ್ಲ ಅಂತ.” ಬಾಗಿಲಲ್ಲಿ ನಿಂತ ಅಮ್ಮನವರು ಹೌದೆಂದು ತಲೆಯಾಡಿಸಿದರು. ಸರ್ ನನ್ನ ಕಡೆ ತಿರುಗಿದರು. “ಖರೆ ಹೌದಲ್ಲೋ?”

ನಾನು ಕಡ್ಡಿ ಮುರಿದಂತೆ ಮಾತಾಡುವವನು. ಗಿರಾಕಿಗೆ ಹೊಟ್ಟೆ ಬಂದಿದ್ದರೆ ಬಂದಿದೆ ಎಂದು ಮುಖಕ್ಕೆ ಹೇಳಿ ಅಳತೆ ಬರೆದುಕೊಳ್ಳುವವನು. ಅವತ್ತು ನರ್ಸಕ್ಕನ ಮುಖ ನೋಡಿದೆ, ಅಮ್ಮನವರ ಮುಖ ನೋಡಿದೆ.

“ಹೌದ್ರಿ ಸರ” ಎಂದೆ.

ಹೊರಡುವಾಗ ಸರ್, “ಆಕಿ ಕೈಗೆ ಹೆಂಗ ಬರತೈತಿ ಹಂಗ ಹಿಡೀಲಿ ಬಿಡೋ. ನಾಡಿ ಹಿಡಿಯೂ ಕೈ ಅದು” ಎಂದರು. ತೀರ್ಪು ಅಷ್ಟು ಸರಳವಾಗಿ ಬಂತು. ತಿರುಗಿ ಬರುವಾಗ ಬಸ್ಸಿನಲ್ಲಿ ನರ್ಸಕ್ಕ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಮಾಸ್ತರ, ನಿಮಗ ಗೊತ್ತೇ ಇರಲಿಲ್ಲ. ಹೌದಲ್ರಿ?”

“ಇರಲಿಲ್ರಿ.”

“ಸುಳ್ಳ ಹೇಳಿದ್ರಿ.”

“ಹೇಳಿದೆ.”

“ಇರ್ಲಿ ಬಿಡ್ರಿ. ನಾನೂ ವಾರ್ಡಿನಾಗ ಭಾಳ ಹೇಳೇನಿ” ಎಂದು ಡಬ್ಬಿಯಿಂದ ಒಂದು ಚಪಾತಿ ಸುತ್ತಿ ನನ್ನ ಕೈಗಿಟ್ಟರು.

ಮುಂದಿನ ರವಿವಾರ ಕಲಿಯುವವರನ್ನೆಲ್ಲ ಕೂರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಎ ಕಾರ್ಡಿಗೆ ನಾಲ್ಕು ಹಿಡಿತಗಳಿವೆ, ನಿಮ್ಮ ಕೈಗೆ ಯಾವುದು ಒಗ್ಗುತ್ತದೆಯೋ ಅದನ್ನು ಹಿಡಿಯಿರಿ, ಬೈಯುವುದಿಲ್ಲ ಎಂದೆ. ಹುಡುಗರು ನನಗೆ ಜ್ವರ ಬಂದಿದೆ ಎಂದುಕೊಂಡಿರಬೇಕು. ನಾನೂ ತೋರುಬೆರಳು ಹಚ್ಚಿ ನೋಡಿದೆ. ಇಷ್ಟು ವರ್ಷ ಮಾನ ಕೊಟ್ಟು ಮೇಲೆ ಕೂರಿಸಿದ ಬೆರಳು. ಕೆಲಸ ಹೇಳಿದರೆ ಅದಕ್ಕೆ ಏನೂ ಬರಲಿಲ್ಲ. ಹುಡುಗರ ಜೊತೆ ನಕ್ಕೆ. ಆ ದಿನಗಳಷ್ಟು ಹಗುರಾಗಿ ನಾನು ಯಾವತ್ತೂ ಕಲಿಸಿರಲಿಲ್ಲ. ನರ್ಸಕ್ಕ ನಾಡಿ ಹಿಡಿದಂತೆ ಎ ಹಿಡಿದು, ತಿಂಗಳೊಳಗೆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಬಾರಿಸತೊಡಗಿದರು. ಹಾಡು ಎ ಕಾರ್ಡಿನಲ್ಲೇ ಮುಗಿಯುತ್ತಿತ್ತು. ಆ ಕೊನೆಯ ಎ ಕೆಟ್ಟರೆ ಇಡೀ ಹಾಡು ಕೆಟ್ಟಂತೆ ಎಂದು ನಾನು ನೂರು ಸಲ ಹೇಳಿದ್ದೆ. ಬೈಯುವುದನ್ನು ಬಿಟ್ಟರೂ ಹೇಳುವುದನ್ನು ಬಿಟ್ಟಿರಲಿಲ್ಲ.

ಬೀಳ್ಕೊಡುಗೆಯ ದಿನ ದವಾಖಾನೆಯ ಹಿಂದೆ ಪೆಂಡಾಲ್ ಹಾಕಿದ್ದರು. ನರ್ಸಕ್ಕ ನನಗೂ ಹೇಳದೆ ಬಾದಾಮಿಗೆ ಫೋನ್ ಮಾಡಿ ಸರ್ ಅವರನ್ನು ಕರೆಸಿದ್ದರು. ಮೊದಲ ಸಾಲಿನಲ್ಲಿ ಡಾಕ್ಟರರ ಪಕ್ಕದಲ್ಲಿ ಅವರನ್ನು ಕೂರಿಸಿದ್ದರು. ಭಾಷಣಗಳು ಮುಗಿದ ಮೇಲೆ ನರ್ಸಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯ ಮೇಲೆ ಕೂತು, ಗಿಟಾರ್ ತೊಡೆಗಿಟ್ಟುಕೊಂಡರು. ನಾನು ಕಾಲಿನಲ್ಲಿ ತಾಳ ಹಾಕುತ್ತಿದ್ದೆ. ಎ, ಡಿ, ಇ, ಮತ್ತೆ ಎ. ಒಂದೂ ತಪ್ಪಲಿಲ್ಲ. ಅವರ ವಾರ್ಡಿನ ಹೆಣ್ಣುಮಕ್ಕಳು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕೊನೆಯ ಎ ಬಂತು. ನರ್ಸಕ್ಕ ಒಂದು ಗಳಿಗೆ ಕೈ ತಡೆದು ಮೊದಲ ಸಾಲಿನ ಕಡೆ ನೋಡಿದರು. ಆಮೇಲೆ ತೋರುಬೆರಳನ್ನು ನೆಟ್ಟಗೆ ಮೇಲಕ್ಕೆ ಎತ್ತಿ, ನಡುಬೆರಳು, ಉಂಗುರದ ಬೆರಳು, ಆ ಗಿಡ್ಡ ಕಿರುಬೆರಳನ್ನು ತಂತಿಯ ಮೇಲೆ ಇಟ್ಟು ಬಾರಿಸಿದರು. ಎರಡು ತಂತಿ ನುಡಿದವು. ಮೂರನೆಯದು ಟಪ್ ಎಂದಿತು. ಜನ ಜೋರಾಗಿ ಚಪ್ಪಾಳೆ ಹೊಡೆದರು. ಸರ್ ಹೊಡೆಯಲಿಲ್ಲ. ಎಡಗೈ ಮೇಲೆತ್ತಿ, ಮಡಚದ ಆ ಬೆರಳನ್ನು ಆಕೆಗೆ ತೋರಿಸುತ್ತ ಕೂತರು. ಅವರ ಕೆನ್ನೆ ಒದ್ದೆಯಾಗಿತ್ತು.

ನರ್ಸಕ್ಕ ಕೆಳಗಿಳಿದು ನೇರ ನನ್ನ ಹತ್ತಿರ ಬಂದರು. “ಕಡೀದು ಕೆಟ್ಟಿತು ನೋಡ್ರಿ ಮಾಸ್ತರ” ಎಂದರು.

“ಎಲ್ಲೀದ್ರಿ ಅಕ್ಕಾರ, ನನಗೇನೂ ಕೇಳಿಸಲಿಲ್ಲ” ಎಂದೆ.