ಬಲಕ್ಕೆ ಬಿದ್ದ ಹೂವು

ಬಳ್ಳಾರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಪ್ರತಿ ಟ್ಯೂಬಿನ ಮೇಲೂ ಹೆಸರು, ತಾರೀಖು, ವೇಳೆ ಬರೆಯಬೇಕು. ಆ ಚಾಳಿ ಮನೆಗೂ ಬಂದಿದೆ. ಪಾರ್ವತಿನಗರದ ಮನೆಯಲ್ಲಿ ದಿನಚರಿ ಬರೆಯಲು ಕೂತರೆ ಮೊದಲು ವಾರ, ತಾರೀಖು. ಆಮೇಲೆ ಆ ದಿನದ ಲೆಕ್ಕ. ಹಾಲು ಎಷ್ಟು ಬಂತು, ಅಪ್ಪಾಜಿ ಗುಳಿಗೆ ತೆಗೆದುಕೊಂಡರೋ ಇಲ್ಲವೋ, ತೀರಿಕೊಂಡ ಅವ್ವನ ನೆನಪು ಎಷ್ಟು ಸಲ ಬಂತು. ಕೊನೆಯದಕ್ಕೆ ಗೀಟು ಹಾಕುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಗೀಟುಗಳು ಸಾಲು ದಾಟಿ ಹೋಗುತ್ತಿದ್ದವು. ಆಮೇಲೆ ಹಾಕುವುದನ್ನೇ ಬಿಟ್ಟೆ.

ಅವ್ವ ಹೋದ ಮರುವರ್ಷ ಸಿರುಗುಪ್ಪದಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಂದೆ ಇಲ್ಲ, ತಾಯಿ ಇದ್ದಾರೆ. ರಾರಾವಿಯಲ್ಲಿ ಸ್ವಲ್ಪ ಹೊಲ ಇದೆ. ಮನೆ ನೋಡಲು ಹೋಗುವಾಗ ಹುಡುಗಿಯನ್ನು ಕರೆದೊಯ್ಯುವ ರೂಢಿ ನಮ್ಮಲ್ಲಿಲ್ಲ. ಆದರೆ ಹುಡುಗನ ತಾಯಿಯೇ ಫೋನು ಮಾಡಿ, "ಬಾಳೇವು ಮಾಡಾಕಿ ಆಕಿ. ಆಕಿನ್ನ ಬಿಟ್ಟು ನೀವು ಬರೇ ಗ್ವಾಡಿ ನೋಡಿ ಏನ್ಮಾಡ್ತೀರಿ?" ಎಂದಿದ್ದರು. ಹಾಗಾಗಿ ಅಪ್ಪಾಜಿ ಮತ್ತು ಅವ್ವನ ತಂಗಿ, ನಮ್ಮ ಚಿಗವ್ವ, ಇಬ್ಬರ ಜೊತೆ ನಾನೂ ಹೋದೆ.

ಗಂಡಸರು ಪಡಸಾಲೆಯಲ್ಲಿ ಮಾತಿಗೆ ಕೂತಾಗ ಆ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಮಣೆ ಹಾಕಿದರು. ನನ್ನ ಜಡೆ ಮುಟ್ಟಿ ನೋಡಿ, "ಈ ತಲಿ ಎಣ್ಣಿ ಕಂಡು ಎಷ್ಟ್ ದಿನ ಆತವ್ವ?" ಎಂದು ಕೇಳಿದರು. ತಾರೀಖು ಬರೆದಿಡುವ ನನಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಹೊಸ ಸೀರೆ ಉಟ್ಟು ಬಂದವಳೆಂದೂ ನೋಡದೆ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿದರು.

ಚಿಗವ್ವ ಬಾಗಿಲಲ್ಲಿ ನಿಂತು ನಕ್ಕಳು. "ಏನ್ರೀ ಬೀಗರ, ಹುಡುಗಿ ನೋಡ್ರಿ ಅಂದ್ರ ತಲಿ ಬಾಚಾಕ ಕುಂತೀರಲ್ಲ."

"ನೋಡೋದು ನನ್ನ ಮಗ ನೋಡ್ಲಿ. ನನಗ ಇದು ಕೆಲಸ."

ಆಮೇಲೆ ನೆಪ ಸಿಕ್ಕಾಗಲೆಲ್ಲ ಸಿರುಗುಪ್ಪಕ್ಕೆ ಹೋದೆ. ಸಂಡಿಗೆ ಹಾಕಲು ಒಂದು ಭಾನುವಾರ, ಶ್ಯಾವಿಗೆಗೆ ಇನ್ನೊಂದು. ಮದುವೆಗೆ ಮೊದಲೇ ಹೀಗೆ ಓಡಾಡುವುದು ಅಪ್ಪಾಜಿಗೆ ಸರಿ ಕಾಣುತ್ತಿರಲಿಲ್ಲ. ಆದರೆ ಅಲ್ಲಿಂದ ಬಂದ ದಿನ ನಾನು ಹೊಟ್ಟೆತುಂಬ ಉಣ್ಣುತ್ತಿದ್ದೆ, ಅದನ್ನು ನೋಡಿ ಸುಮ್ಮನಾಗುತ್ತಿದ್ದರು.

ಎಳ್ಳ ಅಮಾವಾಸ್ಯೆಗೆ ರಾರಾವಿಯ ಹೊಲಕ್ಕೆ ಕರೆದರು. ಭೂತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಿ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಹೊಳೆ ಕಾಣುವ ಬದುವಿನ ತನಕ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಮಾತು ಕಡಿಮೆ, ಆಡಿದ್ದರಲ್ಲಿ ಕೊಂಕಿಲ್ಲ. "ನನ್ನ ಏನರ ಕೇಳೋದೈತೇನ್ರಿ ನಿಮಗ?" ಎಂದರು. ನನಗೆ ಕೇಳಬೇಕಾದ್ದು ಒಂದೂ ಹೊಳೆಯಲಿಲ್ಲ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದ ಅವರ ತಾಯಿಯ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದೆ.

"ಅವ್ವ ಎಲ್ಲೂ ಓಡಿ ಹೋಗಂಗಿಲ್ಲ, ಕುಂದರ್ರಿ" ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಎದೆಯಲ್ಲಿ ಏನೋ ಬಿಗಿಯಿತು.

ಮನೆಗೆ ಬಂದು ಒಂದು ಹಾಳೆಯ ನಡುವೆ ಗೀಟು ಎಳೆದೆ. ಎಡಗಡೆ ಒಪ್ಪಲು ಕಾರಣಗಳು, ಬಲಗಡೆ ಒಪ್ಪದಿರಲು. ಎಡಗಡೆ ತುಂಬಿತು. ಬಲಗಡೆ ಬರೆಯಲು ಏನೂ ಇರಲಿಲ್ಲ. ಹಾಗಿದ್ದೂ ಅಪ್ಪಾಜಿ ನಿಶ್ಚಯದ ಮಾತೆತ್ತಿದಾಗ, "ಸ್ವಲ್ಪ ತಡೀರಿ" ಎಂದುಬಿಟ್ಟೆ.

ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಪ್ಪಾಜಿ, ಆ ಅಂಗಡಿ ತೆರೆಯಬೇಕೋ ಬೇಡವೋ ಎಂಬುದನ್ನೂ ಹೂ ಕೇಳಿಯೇ ತೀರ್ಮಾನಿಸಿದವರು. "ನಿನಗ ತಿಳೀಲಿಲ್ಲಂದ್ರ ದೇವರನ್ನ ಕೇಳೂಣು" ಎಂದು ಸೋಮವಾರ ನನ್ನನ್ನೂ ಚಿಗವ್ವನನ್ನೂ ಕುರುಗೋಡಿಗೆ ಕರೆದುಕೊಂಡು ಹೋದರು. ನಮ್ಮ ಮನೆದೇವರ ಸಣ್ಣ ಗುಡಿ ಅಲ್ಲಿದೆ. ಪೂಜಾರಿ ಮೂರ್ತಿಗೆ ನೀರು ಹಾಕಿ, ಎರಡೂ ಭುಜಗಳಿಗೆ ಒಂದೊಂದು ಹೂವಿನ ಎಸಳು ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಅಪ್ಪಾಜಿ ಕೈಮುಗಿದು, "ಆ ಮನಿ ಸೇರಿದ್ರ ಈ ಕೂಸಿಗೆ ಚಲೋ ಆಕ್ಕೈತೇನಪ್ಪ?" ಎಂದು ಕೇಳಿದರು. ನೀರು ಆರುತ್ತಾ ಬಂತು. ಬಲಗಡೆಯ ಎಸಳು ಸರಿದು ಬಿತ್ತು.

ಅಪ್ಪಾಜಿಯ ಕಣ್ಣು ತುಂಬಿತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಇನ್ನು ಆ ಅಡುಗೆಮನೆ ನನ್ನದು, ಆ ಮಣೆ ನನ್ನದು ಅನ್ನಿಸಿತು. ಮೇಷ್ಟ್ರ ಮುಖ ನೆನಪಿಗೆ ಬಂದದ್ದು ಬಸ್ಸು ಬಳ್ಳಾರಿ ಮುಟ್ಟಿದ ಮೇಲೆ, ಅದೂ ಚಿಗವ್ವ ಅವರ ಸುದ್ದಿ ತೆಗೆದದ್ದಕ್ಕೆ.

ಆ ವಾರವೆಲ್ಲ ನನ್ನನ್ನು ನಾನೇ ಬೈದುಕೊಂಡೆ. ಎಲ್ಲ ಸರಿಯಿದ್ದರೂ ನಿನಗೇನು ಧಾಡಿ ಎಂದು. ಬೈದಷ್ಟೂ ಒಳಗಿನದು ಇನ್ನಷ್ಟು ಮುದುಡಿತು. ಒಂದು ದಿನ ಲ್ಯಾಬಿನಲ್ಲಿ ಸೂಜಿಗೆ ಹೆದರಿದ ಹೆಂಗಸೊಬ್ಬಳ ನರ ಸಿಗಲಿಲ್ಲ. ಅಂಥವರನ್ನು ಗದರಿಸಿದರೆ ನರ ಮತ್ತೂ ಒಳಗೆ ಹೋಗುತ್ತದೆ. ನೀರು ಕುಡಿಸಿ, ಪಕ್ಕದಲ್ಲಿ ಕೂರಿಸಿ, ಅಂಗೈ ಉಜ್ಜಿ ಕಾಯಬೇಕು. ದಿನವೂ ಬೇರೆಯವರಿಗೆ ಮಾಡುವ ಇಷ್ಟನ್ನು ನನಗೆ ನಾನು ಒಮ್ಮೆಯೂ ಮಾಡಿರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಚಹಾ ಹಿಡಿದು ಮಾಳಿಗೆಯ ಮೇಲೆ ಕೂತೆ. ಪೆನ್ನು ಒಯ್ಯಲಿಲ್ಲ. ನಿನಗೇನು ಭಯ ಎಂದು ಮೆಲ್ಲಗೆ ಕೇಳಿಕೊಂಡೆ. ಎರಡು ಮೂರು ದಿನ ಏನೂ ಸಿಗಲಿಲ್ಲ, ಚಹಾ ಆರಿತು ಅಷ್ಟೆ. ಆಮೇಲೊಂದು ಬೆಳಿಗ್ಗೆ, ಆ ಸಿರುಗುಪ್ಪದ ಮನೆಯಲ್ಲಿ ಆ ತಾಯಿ ಇಲ್ಲದ ಒಂದು ಸಂಜೆಯನ್ನು ಸುಮ್ಮನೆ ಕಲ್ಪಿಸಿಕೊಂಡೆ. ಮೇಷ್ಟ್ರು ಸಾಲೆಯಿಂದ ಬಂದು ಕೈಕಾಲು ತೊಳೆಯುತ್ತಾರೆ. ನಾನು ಊಟಕ್ಕೆ ಬಡಿಸುತ್ತೇನೆ. ಇಬ್ಬರೇ. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಅವರ ಮೇಲೆ ಸಿಟ್ಟಿಲ್ಲ, ಅಸಹ್ಯವಿಲ್ಲ. ಏನೂ ಇಲ್ಲ. ನಾನು ಗಂಡನ ಮನೆಗೆ ಹೊರಟವಳಾಗಿರಲಿಲ್ಲ. ಅವ್ವನನ್ನು ಹುಡುಕಿಕೊಂಡು ಹೊರಟಿದ್ದೆ. ತಿಳಿದದ್ದೇ ಮಾಳಿಗೆಯ ಮೇಲೆ ಅತ್ತುಬಿಟ್ಟೆ. ಅಷ್ಟು ಅಳು ಬಂದರೂ ಎದೆಯ ಬಿಗಿ ಮಾತ್ರ ಸಡಿಲವಾಗಿತ್ತು.

ಆ ದಿನವೇ ಅಪ್ಪಾಜಿಗೆ ಈ ಸಂಬಂಧ ಬೇಡ ಎಂದು ಹೇಳಿದೆ. ಚಿಗವ್ವನೂ ಬಂದಿದ್ದಳು.

"ಹೂವು ಬಲಕ್ಕ ಬಿತ್ತು, ನೀ ಎಡಕ್ಕ ಬೀಳಾಕತ್ತೀಯಲ್ಲಲೇ" ಎಂದಳು ಅವಳು.

ಅಪ್ಪಾಜಿ, "ದೇವರು ಕೊಟ್ಟ ಮ್ಯಾಲೆ ಇಲ್ಲ ಅನ್ನಾಕ ನಾವ್ಯಾರು?" ಎಂದರು.

"ದೇವರು ಸರಿನ ಹೇಳ್ಯಾನ್ರಿ ಅಪ್ಪಾಜಿ. ಆ ಮನಿ ಸೇರಿದ್ರ ನನಗ ಚಲೋನ ಆಕ್ಕೈತಿ. ಮೇಷ್ಟ್ರಿಗೆ ಚಲೋ ಆಕ್ಕೈತೇನು ಅಂತ ನಾವು ಕೇಳ್ಲೇ ಇಲ್ಲಲ್ರಿ."

ಅಪ್ಪಾಜಿ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ ಹುಡುಕಿದರು. "ಹಂಗಾರ ಇನ್ನೊಮ್ಮೆ ಹೋಗಿ ಅದನ್ನೂ ಕೇಳೂಣೇನು?"

"ಬ್ಯಾಡ್ರಿ. ನನಗ ಗೊತ್ತೈತಿ."

ಅಪ್ಪಾಜಿಯ ಎದುರು ಹಾಗೆ ಹೇಳಿದ್ದು ಅದೇ ಮೊದಲು. "ನಿಮ್ಮವ್ವ ಇದ್ದಿದ್ರ" ಎಂದು ಅವರು ಶುರುಮಾಡಿದರು.

"ಅವ್ವ ಇದ್ದಿದ್ರ ನಾ ಆ ಮನಿಗೆ ಅಷ್ಟು ಸಲ ಹೋಗ್ತಿರಲಿಲ್ರಿ" ಎಂದೆ. ಚಿಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೇಷ್ಟ್ರಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಾರಣ ಕೆದಕಲಿಲ್ಲ. "ಅವ್ವಗ ನೀವ ಬಂದು ಹೇಳ್ರಿ. ನನ್ನ ಕಡಿಂದ ಆಗಂಗಿಲ್ಲ" ಎಂದಷ್ಟೇ ಅಂದರು. ಆ ದನಿ ಬಿರುಸಾಗಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾನುವಾರ ಒಬ್ಬಳೇ ಹೋದೆ. ಆ ತಾಯಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಈ ಮದುವೆ ಬೇಡವೆಂದು ಹೇಳುವ ತನಕ ಮೊರದಿಂದ ಕೈ ತೆಗೆಯಲಿಲ್ಲ.

"ಅಂವ ಏನರ ಅಂದನೇನವ್ವ?"

"ಇಲ್ರಿ. ಅವರದೇನೂ ತಪ್ಪಿಲ್ಲ."

"ಮತ್ತ?"

"ನಾ ಇಷ್ಟು ದಿನ ಬಂದದ್ದು ನಿಮ್ಮ ಸಲುವಾಗಿ ರೀ. ಅವರ ಸಲುವಾಗಿ ಒಂದ್ ಸಲನೂ ಬರಲಿಲ್ಲ. ಅದನ್ನ ಇಟ್ಕೊಂಡು ಅವರ ಜೋಡಿ ಹೆಂಗ ಇರ್ಲಿ?"

ಅವರು ಮೊರ ಪಕ್ಕಕ್ಕೆ ಸರಿಸಿದರು. "ಇದನ್ನ ಕೇಳಿ ಖುಷಿ ಪಡ್ಲೋ ಅಳ್ಲೋ, ತಿಳಿವಲ್ದವ್ವ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ಅವನ ಬದುಕು ಕೆಡಸಲಿಲ್ಲ ನೀ. ಅದನ್ನ ಒಪ್ಪತೀನಿ. ಆದ್ರ ಇನ್ನ ಬರಬ್ಯಾಡ. ನಿನ್ನ ನೋಡಿದ್ರ ಅವನಿಗೂ ಕಷ್ಟ, ನನಗೂ ಕಷ್ಟ."

ಎದ್ದು ಕಾಲು ಮುಟ್ಟಿದೆ. ಆ ಮನೆಯಲ್ಲಿ ಉಣ್ಣದೆ ಯಾರನ್ನೂ ಕಳಿಸಿದ್ದನ್ನು ನಾನು ನೋಡಿಲ್ಲ. ಆ ದಿನ ಅವರು ಉಂಡು ಹೋಗು ಅನ್ನಲಿಲ್ಲ. ನಾನು ಹೊಸ್ತಿಲು ದಾಟುವಾಗ ಮೊರದ ಸದ್ದು ಮತ್ತೆ ಶುರುವಾಯಿತು.

ಬಸ್ಸು ಸಿರುಗುಪ್ಪ ದಾಟಿ ಗದ್ದೆಗಳ ನಡುವೆ ಬಂದಾಗ ಅಳು ತಡೆಯಲಾಗಲಿಲ್ಲ. ಅವ್ವ ಹೋದದ್ದು ನನ್ನ ಕೈಯಲ್ಲಿ ಇರಲಿಲ್ಲ. ಈ ಸಲ ನಾನೇ ಎದ್ದು ಬಂದಿದ್ದೆ. ವಾಪಸು ಹೋಗಿ ತಪ್ಪಾಯಿತು ಅನ್ನಲೇ ಎಂದು ಒಮ್ಮೆ ಕೇಳಿಕೊಂಡೆ, ಗದರದೆ. ಬೇಡ ಎಂಬ ಉತ್ತರ ಅಲ್ಲೇ ಇತ್ತು, ಅಳುವಿನ ಕೆಳಗೆ, ಅಲುಗದೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ತನ್ನ ನೀರಿನ ಬಾಟಲಿ ಕೊಟ್ಟಳು. "ತವರಿಂದ ಹೊಂಟೀಯೇನವ್ವ?" ಎಂದು ಕೇಳಿದಳು. ಹೌದು ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ.

"ಸುಮ್ನಿರು. ಪಂಚಮಿ ಹಬ್ಬಕ್ಕ ತವರಿನ ಮಂದಿ ಮತ್ತ ಕರಿಯಾಕ ಬರ್ತಾರ."

ಬಾಟಲಿ ವಾಪಸು ಕೊಟ್ಟು ತಲೆಯಾಡಿಸಿದೆ.