ಮಾರಾ, ಮರ್ರಾ ಮತ್ತು ಹಿತ್ತಾಳೆಯ ಬೆಲೆ

೧೯೭೯ರಲ್ಲಿ ನಾನು ಕುವೈತಿನ ಶುವೈಖ್ ಕೈಗಾರಿಕಾ ಪ್ರದೇಶದ ಒಂದು ಗುಜರಿ ಕಂಪನಿಯಲ್ಲಿ ಮೆಟಲ್ ಗ್ರೇಡರ್ ಆಗಿದ್ದೆ. ಯಾರ್ಡಿಗೆ ಬಂದ ಲೋಹ ಯಾವುದು, ಯಾವ ದರಕ್ಕೆ ಹೋಗಬೇಕು ಎಂದು ನಿರ್ಧರಿಸಿ ಸಹಿ ಹಾಕುವುದು ನನ್ನ ಕೆಲಸ. ಮೈಸೂರಿನಲ್ಲಿ ನಮ್ಮ ಬಂಧುಗಳು ಇದನ್ನು ‘ಗಲ್ಫಿನಲ್ಲಿ ಇಂಜಿನಿಯರ್’ ಎಂದು ಹೇಳಿಕೊಂಡು ತಿರುಗುತ್ತಿದ್ದರು. ತಿದ್ದುವ ಗೋಜಿಗೆ ನಾನು ಹೋಗಿರಲಿಲ್ಲ.

ಮ್ಯಾನೇಜರ್ ಅಬು ಸಮೀರ್‌ಗೂ ನನಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ ಸಂಬಂಧ. ಅವನ ಪಾಲಿಗೆ ಗ್ರೇಡರ್ ಎಂದರೆ ವ್ಯಾಪಾರ ಕೆಡಿಸಲೆಂದೇ ಹುಟ್ಟಿದ ಪ್ರಾಣಿ. ನನ್ನ ಪಾಲಿಗೆ ಅವನು ತೂಕದ ಕಲ್ಲನ್ನೂ ಗದರಿಸಿ ಭಾರ ಹೆಚ್ಚಿಸಬಲ್ಲ ಆಸಾಮಿ.

ಆ ಬೇಸಿಗೆಯಲ್ಲಿ ಒಂದು ಶೂಟಿಂಗ್ ಕ್ಲಬ್‌ನಿಂದ ರೈಫಲ್ಲಿನ ಹಿತ್ತಾಳೆ ಕೇಸುಗಳು ಪೀಪಾಯಿಗಟ್ಟಲೆ ಬಂದವು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೊಳವೆಯೇ ಕೇಸು. ಅದಕ್ಕೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಬಳಸುವುದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಒಂದೇ ಸಲ ಹಾರಿಸಿದ ಕೇಸಿಗೆ ಗುಜರಿ ದರದ ಹಲವು ಪಟ್ಟು ಬೆಲೆ. ಹಲವು ಸಲ ಹಾರಿಸಿದ್ದಾದರೆ ಕರಗಿಸಲು ಮಾತ್ರ ಲಾಯಕ್ಕು. ಪ್ರತಿ ಸಲ ಹಾರಿಸಿದಾಗಲೂ ಹಿತ್ತಾಳೆ ಹಿಗ್ಗಿ, ಬುಡದ ಹತ್ತಿರ ಒಳಗೋಡೆ ತೆಳ್ಳಗಾಗುತ್ತದೆ. ಒಂದು ದಿನ ಅಲ್ಲೇ ಹರಿದು, ಬೆಂಕಿಯಂಥ ಗ್ಯಾಸ್ ಹಿಂದಕ್ಕೆ, ಹಾರಿಸುವವನ ಮುಖಕ್ಕೇ ನುಗ್ಗಬಹುದು.

ಹೊರಗಿನಿಂದ ನೋಡಿದರೆ ಇದು ಸುಲಭವಾಗಿ ತಿಳಿಯದು. ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಗೆ ಒತ್ತಿ ಎಳೆಯಬೇಕು. ಒಳ್ಳೆಯ ಕೇಸಿನಲ್ಲಿ ತಂತಿ ನುಣ್ಣಗೆ ಜಾರುತ್ತದೆ, ಸವೆದದ್ದರಲ್ಲಿ ತಡೆದು ಸಿಕ್ಕಿಕೊಳ್ಳುತ್ತದೆ. ನಾನು ಪ್ರತಿ ಪೀಪಾಯಿಯಿಂದಲೂ ಒಂದೊಂದು ಹಿಡಿ ತೆಗೆದು ನೋಡಿದೆ. ಒಂದು ಜಾರಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು. ಕ್ಲಬ್ಬಿನವರು ತಾವೇ ಹಲವು ಸಲ ರೀಲೋಡ್ ಮಾಡಿ, ಸಾಕಾದ ಮೇಲೆ ನಮಗೆ ಸಾಗಹಾಕಿದ್ದರು.

ಅಷ್ಟರಲ್ಲಿ ಅಬು ಸಮೀರ್ ಸರ್ಟಿಫಿಕೇಟ್ ಹಿಡಿದುಕೊಂಡು ಬಂದ. ಇಡೀ ಸರಕು ‘ಒನ್ಸ್ ಫೈರ್ಡ್’ ಎಂದು ಆಗಲೇ ಟೈಪಾಗಿತ್ತು.

“ಯಲ್ಲಾ, ಜಲ್ದಿ ಸೈನ್ ಕರೋ.”

ಇದು ಒಂದು ಸಲದ ಮಾಲಲ್ಲ ಎಂದೆ. ಅವನ ಮುಖ ಕೆಂಪೇರಿತು. “ರಹೀಂ ಬೋಲಾ! ಮರ್ರಾ! ನನ್ನ ಕಿವಿಯಲ್ಲೇ ಕೇಳಿದ್ದೇನೆ!”

ರಹೀಂ ಭಾಯಿ ನಮ್ಮಲ್ಲಿ ಮಾಲು ವಿಂಗಡಿಸುವ ಪೇಶಾವರದವನು. ಅವನನ್ನು ಕರೆಸಿ, ನೀನು ಸುಳ್ಳು ಹೇಳಿದೆಯಾ ಎಂದು ಮ್ಯಾನೇಜರ್ ಅರಚಿದ.

“ಅಲ್ಲಾ ಕಸಂ, ಝೂಟ್ ನಹೀಂ ಸಾಬ್,” ಎಂದ ರಹೀಂ. “ಮೈನೇ ಬೋಲಾ, ಸಬ್ ಮಾರಾ. ಬಂದೂಕ್ ಸೇ ಮಾರಾ ಹುವಾ.”

ನನಗೆ ತಡೆಯಲಾರದಷ್ಟು ನಗು ಬಂತು. ಹಿಂದಿಯ ‘ಮಾರಾ’ ಎಂದರೆ ಹೊಡೆದದ್ದು, ಅರಬ್ಬಿಯ ‘ಮರ್ರಾ’ ಎಂದರೆ ಒಂದು ಸಲ. ಹೊಡೆದ ಗುಂಡು ಎಂದು ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಂದೇ ಸಲದ್ದು ಎಂದು ಕೇಳಿಸಿಕೊಂಡು ಬೆಲೆಯನ್ನೇ ಒಪ್ಪಿಬಂದಿದ್ದ. ಕನ್ನಡದ ನನ್ನ ಕಿವಿಗೆ ಕೇಳಿಸಿದ್ದು ಮಾರುವುದೊಂದೇ.

ನಕ್ಕದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. “ನಗು, ನಗು! ಕೊಳ್ಳುವವರಿಗೆ ಟೆಲೆಕ್ಸ್ ಹೋಗಿದೆ. ಕಫೀಲ್ ಮುಂದೆ ಮಾತು ಕೊಟ್ಟಾಗಿದೆ. ಅವರ ಇನ್ಸ್‌ಪೆಕ್ಟರ್ ಬರುವಾಗ ಸಹಿ ಇರಲಿಲ್ಲವೋ, ನಿನ್ನ ಇಕಾಮಾ ಖಲಾಸ್!”

ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಮಾಲೀಕ, ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಪರವಾನಗಿ. ನನ್ನ ಇಕಾಮಾಕ್ಕೆ ಹೆಂಡತಿ ವಿಮಲಳದೂ ಮಗಳದೂ ಜೋತುಬಿದ್ದಿದ್ದವು. ಮಗಳು ಆ ವರ್ಷ ಬೋರ್ಡ್ ಪರೀಕ್ಷೆಗೆ ಕೂರಬೇಕಿತ್ತು. ಒಂದೊಂದನ್ನೂ ತಂತಿ ಹಾಕಿ ವಿಂಗಡಿಸೋಣ, ಒಳ್ಳೆಯದನ್ನಾದರೂ ಒಳ್ಳೆಯ ಬೆಲೆಗೆ ಕೊಡೋಣ ಎಂದೆ. “ಟೈಮ್ ಮಾಫಿ,” ಎಂದು ಬಾಗಿಲು ಬಡಿದು ಹೋದ. ಸಮಯ ಇಲ್ಲವಂತೆ!

ಆ ರಾತ್ರಿ ಫಿಂಟಾಸ್ ಬಡಾವಣೆಯ ನಮ್ಮ ಮನೆಯಲ್ಲಿ ವಿಮಲ ಎಲ್ಲವನ್ನೂ ಕೇಳಿ ಸೌಟು ಕೆಳಗಿಟ್ಟಳು. “ನಿಮ್ಮ ಸತ್ಯಕ್ಕೆ ನಾವ್ ಮೂರು ಜನ ಪ್ಯಾಕ್ ಮಾಡ್ಬೇಕಾ? ಅವಳ ಎಕ್ಸಾಮ್ ಆಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಸತ್ಯ ಹೇಳ್ಕೊಳ್ಳಿ.” ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಅವಳ ಮೇಲೂ ಸಿಟ್ಟು ಬಂತು.

ಕೊನೆಗೆ ಬಂದ ಕೊಳ್ಳುವವರ ಇನ್ಸ್‌ಪೆಕ್ಟರ್ ಒಬ್ಬ ಇಂಗ್ಲೆಂಡಿನವನು. ಸರ್ಟಿಫಿಕೇಟಿನಲ್ಲಿ ನನ್ನ ಸಹಿಯ ಜಾಗ ಇನ್ನೂ ಖಾಲಿಯಿತ್ತು. ಪೆನ್ನು ನನ್ನ ಕೈಯಲ್ಲಿತ್ತು, ಅಬು ಸಮೀರನ ಕಣ್ಣು ನನ್ನ ಕೈಮೇಲಿತ್ತು.

“ಒನ್ಸ್ ಫೈರ್ಡ್?” ಎಂದ ಇನ್ಸ್‌ಪೆಕ್ಟರ್.

“ಒನ್ಸ್, ಒನ್ಸ್!” ಎಂದ ಅಬು ಸಮೀರ್.

ಇನ್ಸ್‌ಪೆಕ್ಟರ್ ಒಂದು ಕೇಸನ್ನೆತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಒಳಗೆ ಇಣುಕಿದ. ಕಣ್ಣಿಗೂ ಹಿತ್ತಾಳೆಗೂ ನಡುವೆ ಒಂದು ಬೆರಳಿನಷ್ಟು ಜಾಗವೂ ಇರಲಿಲ್ಲ. ಎಲ್ಲೋ ಯಾರೋ ಇದನ್ನು ರೈಫಲ್ಲಿಗೆ ಹಾಕಿ ಹೀಗೆಯೇ ಕೆನ್ನೆ ಒತ್ತಿ ಗುರಿ ಹಿಡಿಯುತ್ತಾನೆ ಎನಿಸಿತು. ಪೆನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ತಂತಿ ತೆಗೆದು ಅವನ ಕೈಗೆ ಕೊಟ್ಟೆ.

“ಫೈರ್ಡ್, ಯೆಸ್,” ಎಂದೆ. “ಒನ್ಸ್, ನೋ.”

ಒಂದೊಂದಕ್ಕೇ ತಂತಿ ಹಾಕಿ ಎಳೆದು ನೋಡಿ, ನಾಲ್ಕನೆಯ ಕೇಸಿಗೆ ಅವನು ಬ್ರೀಫ್‌ಕೇಸ್ ಮುಚ್ಚಿದ. ಒಳ್ಳೆಯ ಕೇಸುಗಳೂ ಕೆಟ್ಟವುಗಳ ಜೊತೆ ಕುಲುಮೆಯ ದರಕ್ಕೆ ಹೋದವು.

ಅಬು ಸಮೀರ್ ವಿಮಾನದ ಟಿಕೆಟನ್ನು ತಾನೇ ತಂದು ಮೇಜಿನ ಮೇಲೆ ಎಸೆದ. “ಮರ್ರಾ ವಾಹಿದಾ,” ಎಂದ. ಒಂದೇ ಸಲ. ಹೋಗುವುದಕ್ಕೆ ಮಾತ್ರ, ಬರುವುದಕ್ಕಿಲ್ಲ. ಈ ಸಲ ಪದ ಸರಿಯಾಗಿಯೇ ಬಳಕೆಯಾಗಿತ್ತು. ನೀನು ಇನ್ನಾದರೂ ಹಿಂದಿ ಕಲಿ ಎಂದು ಅಚ್ಚ ಕನ್ನಡದಲ್ಲಿ ಹೇಳಿ ಹೊರಬಿದ್ದೆ.

ಕೇಸು ಗುಜರಿ ದರಕ್ಕೆ ಇಳಿಯಬೇಕಾದರೆ ಅದನ್ನು ಹಲವು ಸಲ ಹಾರಿಸಬೇಕು. ಗ್ರೇಡರನ ಸಹಿ ಒಂದು ಸಲ ಸುಳ್ಳಾದರೆ ಸಾಕು, ಆಮೇಲೆ ಅದಕ್ಕೆ ಗುಜರಿ ದರವೇ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ಈ ಮಾತನ್ನು ನಾನು ಮನೆಯಲ್ಲಿ ಬಹಳ ಸಲ, ಬಹುಶಃ ಅಗತ್ಯಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ.

ಮಗಳಿಗೆ ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಮೈಸೂರಿನಲ್ಲಿ ತನಗಿಂತ ಚಿಕ್ಕವರ ಜೊತೆ ಅದೇ ತರಗತಿಯಲ್ಲಿ ಮತ್ತೊಮ್ಮೆ ಕುಳಿತಳು. “ನಿಮ್ಮ ಸಹಿ ಉಳೀತು ಪಪ್ಪಾ, ನನ್ನ ವರ್ಷ ಹೋಯ್ತು,” ಎಂದು ಈಗಲೂ ಅನ್ನುತ್ತಾಳೆ. ಬೆಲೆ ಕಟ್ಟುವುದು ನನ್ನ ವೃತ್ತಿಯಾಗಿತ್ತು. ಅವಳ ಆ ವರ್ಷಕ್ಕೆ ಬೆಲೆ ಕಟ್ಟುವುದು ನನಗೆ ಇಂದಿಗೂ ಬಂದಿಲ್ಲ.